ಕ್ಷೇಮಸಮಾಚಾರದ ಲೆಕ್ಕ

ಹಿಂದೆ ನಮ್ಮ ಮನೆಗಳಿಗೆ ಬರುತ್ತಿದ್ದ ಕಾಗದಗಳೆಲ್ಲ ಒಂದೇ ಬಗೆಯಲ್ಲಿ ಮೊದಲಾಗುತ್ತಿದ್ದುವು. ತಲೆಯ ಮೇಲೆ ಒಂದು ‘ಕ್ಷೇಮ’. ಅದರ ಕೆಳಗೆ ‘ಉಭಯಕುಶಲೋಪರಿ’. ಆಮೇಲೆ ‘ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಿಂದಾಗ್ಗೆ ಬರೆಯುತ್ತಿರುವುದು’. ಎಂಟು ಹತ್ತು ಸಾಲು ಕೆಳಗಿಳಿದರೆ ಅಜ್ಜಿ ತಿಂಗಳಿಂದ ಹಾಸಿಗೆ ಬಿಟ್ಟು ಎದ್ದಿಲ್ಲ, ಚಿಕ್ಕ ಮಗುವಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ ಎಂಬ ಸುದ್ದಿ. ಬರೆದವರು ಸುಳ್ಳು ಹೇಳಿದರೆನ್ನಲಾಗದು. ಕ್ಷೇಮವೆಂಬುದರ ಅಳತೆಗೋಲು ಅವರವರ ಮನಸ್ಸಿನಲ್ಲಿತ್ತು. ಆ ಕೋಲಿನಲ್ಲಿ ಅಜ್ಜಿಯ ಹಾಸಿಗೆಯೂ ಮಗುವಿನ ಜ್ವರವೂ ಅಡಗಿಹೋಗಿದ್ದುವು.

ಒಂದು ಮನೆಯ ಸಂಗತಿಯೇ ಹೀಗಿರುವಾಗ, ಕೋಟ್ಯಂತರ ಜನರುಳ್ಳ ಒಂದು ರಾಷ್ಟ್ರವನ್ನು ನಿಲ್ಲಿಸಿ ‘ಹೇಗಿದ್ದೀರಿ?’ ಎಂದು ಕೇಳಿ, ಬಂದ ಉತ್ತರಕ್ಕೆ ಅಂಕ ಹಾಕುವುದು ಎಷ್ಟು ಕಷ್ಟದ ಕೆಲಸ! ಆದರೂ ಮನುಷ್ಯ ಅದಕ್ಕೆ ಕೈಹಾಕಿದ್ದಾನೆ. ಅದರ ಕಥೆಯನ್ನು ಸಂಗ್ರಹವಾಗಿ ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಎಣಿಕೆಗೆ ಸಿಕ್ಕವರು ಬದುಕಿದ್ದವರಲ್ಲ, ಸತ್ತವರು. ಲಂಡನ್ ನಗರದಲ್ಲಿ ಪ್ಲೇಗಿನ ಭಯದಿಂದ ವಾರವಾರವೂ ಸಾವಿನ ಪಟ್ಟಿಗಳು ಪ್ರಕಟವಾಗುತ್ತಿದ್ದುವು. ಯಾರಾದರೂ ಸತ್ತರೆ ಅದಕ್ಕೆಂದೇ ನೇಮಕವಾದ ಮುದುಕಿಯರು ಹೋಗಿ ಹೆಣವನ್ನು ನೋಡಿ ಕಾರಣವನ್ನು ವರದಿ ಮಾಡುವರು. ಜಾನ್ ಗ್ರಾಂಟ್ ಎಂಬ ಬಟ್ಟೆಬರೆಯ ವ್ಯಾಪಾರಿ ಈ ಹಳೆಯ ಪಟ್ಟಿಗಳನ್ನೆಲ್ಲ ಕೂಡಿಹಾಕಿ, 1662ರಲ್ಲಿ ಒಂದು ಪುಸ್ತಕ ಬರೆದ. ಹುಟ್ಟಿದ 100 ಮಕ್ಕಳಲ್ಲಿ 36 ಮಕ್ಕಳು ಆರು ವರ್ಷ ತುಂಬುವುದರೊಳಗೆ ಸಾಯುತ್ತವೆಂದು ಅವನು ಲೆಕ್ಕ ಹಾಕಿದ. ಒಬ್ಬೊಬ್ಬ ತಾಯಿ ತನ್ನ ಹಣೆಬರಹವೆಂದು ಅತ್ತುಕೊಂಡದ್ದು ಇಡೀ ಊರಿನ ಸ್ಥಿತಿಯೆಂಬುದು ಆ ಸಂಖ್ಯೆಯಿಂದ ತಿಳಿಯಿತು. ಮುಂದೆ 1837ರಲ್ಲಿ ಇಂಗ್ಲೆಂಡಿನಲ್ಲಿ ಜನನ ಮರಣಗಳ ನೋಂದಣಿ ಸರಕಾರದ ಕೆಲಸವಾಯಿತು. 1839ರಿಂದ ವಿಲಿಯಂ ಫಾರ್ ಎಂಬ ವೈದ್ಯ ಆ ಅಂಕಿಗಳನ್ನು ಶಾಸ್ತ್ರೀಯವಾಗಿ ವಿಂಗಡಿಸತೊಡಗಿದ.

ಸಾವನ್ನು ಎಣಿಸುವುದರಲ್ಲಿ ಒಂದು ಅನುಕೂಲವುಂಟು. ಸತ್ತರೆ ಸತ್ತಂತೆ, ಅರ್ಧ ಸಾವು, ಮುಕ್ಕಾಲು ಸಾವು ಎಂಬುದಿಲ್ಲ. ನರಳುವಿಕೆ ಹಾಗಲ್ಲ. ಭಾರಿಯ ಕ್ಷಾಮದಿಂದ ಜರ್ಜರಿತವಾಗಿದ್ದ ಐರ್ಲೆಂಡಿನಲ್ಲಿ 1851ರ ಜನಗಣತಿ ನಡೆದಾಗ, ಆ ದಿನ ಹಾಸಿಗೆ ಹಿಡಿದಿದ್ದವರೆಷ್ಟು ಎಂಬುದನ್ನೂ ಬರೆದುಕೊಂಡರು. ಇದಕ್ಕೆ ಕಾರಣನಾದವನು ವಿಲಿಯಂ ವೈಲ್ಡ್ ಎಂಬ ಕಣ್ಣು ಕಿವಿಗಳ ವೈದ್ಯ. ನಾಟಕಕಾರ ಆಸ್ಕರ್ ವೈಲ್ಡನ ತಂದೆ. ನಮ್ಮ ದೇಶದಲ್ಲಿಯೂ 1881ರ ಜನಗಣತಿಯಲ್ಲಿ ಕುರುಡರು, ಕಿವುಡು ಮೂಗರು, ಬುದ್ಧಿವಿಕಲರು, ಕುಷ್ಠರೋಗಿಗಳು ಎಂಬ ನಾಲ್ಕು ಬಗೆಯವರನ್ನು ಎಣಿಸಿದರು. ಎಣಿಸುವವನ ಕಣ್ಣಿಗೆ ಬಿದ್ದ ಊನ ಮಾತ್ರ ಲೆಕ್ಕಕ್ಕೆ ಸೇರಿತು; ಕಾಣದ ನೋವಿಗೆ ಕಾಗದದಲ್ಲಿ ಸ್ಥಳವಿರಲಿಲ್ಲ.

ಇಪ್ಪತ್ತನೆಯ ಶತಮಾನದ ನಡುವಿನ ವೇಳೆಗೆ ಸಂದರ್ಭ ಬದಲಾಯಿತು. ಸಿರಿವಂತ ದೇಶಗಳಲ್ಲಿ ಸೋಂಕುರೋಗಗಳು ಹಿಂಜರಿದು ಆಯುಸ್ಸು ಬೆಳೆಯಿತು. ಜನ ಬೇಗ ಸಾಯದೆ, ಕೀಲುನೋವು, ಹೃದ್ರೋಗ, ಮನಸ್ಸಿನ ಖಿನ್ನತೆಗಳೊಡನೆ ಬಹುಕಾಲ ಬಾಳತೊಡಗಿದರು. ಸಾವಿನ ಲೆಕ್ಕ ಈ ಬಾಳಿನ ವಿಷಯವನ್ನು ಹೇಳಲಾರದು. 1948ರ ಏಪ್ರಿಲ್ 7ರಂದು ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ, ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಆಗದೆ ದೇಹ, ಮನಸ್ಸು, ಸಮಾಜಜೀವನ ಮೂರರಲ್ಲಿಯೂ ಪೂರ್ಣವಾದ ಸುಸ್ಥಿತಿ ಎಂದು ಸಾರಿತು. ಮಾತು ಬಹಳ ದೊಡ್ಡದು. ಆದರೆ ಆ ಸುಸ್ಥಿತಿಯನ್ನು ಅಳೆಯುವ ಬಗೆ ಹೇಗೆ?

ಅದೇ ಕಾಲದಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯ ಡೇವಿಡ್ ಕಾರ್ನಾಫ್ಸ್ಕಿಯೂ ಅವನ ಸಂಗಡಿಗರೂ ಒಂದು ಕೋಲನ್ನು ಮಾಡಿದರು. ಯಾವ ದೂರೂ ಇಲ್ಲದೆ ಓಡಾಡುವವನಿಗೆ 100, ಸತ್ತವನಿಗೆ 0, ಇನ್ನೊಬ್ಬರ ನೆರವು ಬಹಳವಾಗಿಯೂ ವೈದ್ಯರ ಆರೈಕೆ ಮೇಲಿಂದ ಮೇಲೂ ಬೇಕಾದವನಿಗೆ 50. ಕೋಲು ಸರಳ, ಉಪಯುಕ್ತ. ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಆದರೆ ಅಂಕ ಹಾಕುವವನು ವೈದ್ಯ. ‘ನಿನಗೆ ಹೇಗೆನಿಸುತ್ತದೆ?’ ಎಂದು ರೋಗಿಯನ್ನು ಕೇಳುವ ಅಗತ್ಯ ಆ ಕೋಲಿಗಿರಲಿಲ್ಲ.

ಜನರನ್ನೇ ಕೇಳುವ ಪದ್ಧತಿ ಮನೆಮನೆಯ ಸಮೀಕ್ಷೆಗಳಿಂದ ಬೆಳೆಯಿತು. ಯುದ್ಧದ ನಡುವೆ, 1943ರಲ್ಲಿ, ಇಂಗ್ಲೆಂಡಿನಲ್ಲಿ ಅಸ್ವಾಸ್ಥ್ಯದ ಸಮೀಕ್ಷೆಯೊಂದು ಮೊದಲಾಗಿ 1952ರವರೆಗೆ ನಡೆಯಿತು. ಅಮೆರಿಕದಲ್ಲಿ 1957ರಿಂದ ರಾಷ್ಟ್ರೀಯ ಆರೋಗ್ಯ ಸಂದರ್ಶನ ಸಮೀಕ್ಷೆ ಎಡೆಬಿಡದೆ ನಡೆಯುತ್ತ ಬಂದಿದೆ. ನಮ್ಮಲ್ಲಿ ಪ್ರೊಫೆಸರ್ ಮಹಾಲನೋಬಿಸರ ಮಾರ್ಗದರ್ಶನದಲ್ಲಿ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಹುಟ್ಟಿತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕೆಂಬ ನಮ್ಮ ಅಡಿಗೆಮನೆಯ ನ್ಯಾಯವೇ ಇದರ ತಳಹದಿ; ಆದರೆ ಆ ಅಗುಳು ಪಾತ್ರೆಯ ಯಾವ ಮೂಲೆಯದು ಎಂಬುದಕ್ಕೆ ಗಣಿತದ ಕಟ್ಟುಪಾಡುಂಟು. ಆ ದಿನಗಳಲ್ಲಿಯೇ ವಿಶ್ವಸಂಸ್ಥೆಯೂ ಭಾರತ ಸರಕಾರವೂ ಸೇರಿ ನಮ್ಮ ಮೈಸೂರು ಸಂಸ್ಥಾನದಲ್ಲಿ ಒಂದು ಜನಸಂಖ್ಯಾ ಅಧ್ಯಯನವನ್ನು ನಡೆಸಿದುವು. ಬೆಂಗಳೂರು ನಗರದಲ್ಲಿಯೂ ಹಳ್ಳಿಗಳಲ್ಲಿಯೂ ಮನೆಬಾಗಿಲಿಗೆ ಹೋಗಿ ಹುಟ್ಟು ಸಾವುಗಳನ್ನೂ ಸಂಸಾರದ ಗಾತ್ರದ ಬಗ್ಗೆ ಜನರ ಅಭಿಪ್ರಾಯವನ್ನೂ ಕೇಳಿದರು. ಅದರ ವರದಿ 1961ರಲ್ಲಿ ಪ್ರಕಟವಾಯಿತು. ನಮ್ಮ ಹಳ್ಳಿಯ ಹೆಂಗಸರು ಇಂಥ ಪ್ರಶ್ನೆಗಳಿಗೆ ಉತ್ತರಿಸಬಲ್ಲರೆಂಬುದಕ್ಕೆ ಅದು ದೊಡ್ಡ ನಿದರ್ಶನ.

ಕೇಳಿ ಬರೆದುಕೊಳ್ಳುವುದು ಒಂದು ಮಾತು, ತೂಗುವುದು ಇನ್ನೊಂದು. ಒಬ್ಬನಿಗೆ ಮಂಡಿನೋವು, ಇನ್ನೊಬ್ಬಳಿಗೆ ನಿದ್ದೆಬಾರದ ಕಳವಳ. ಎರಡರಲ್ಲಿ ಯಾವುದು ಹೆಚ್ಚು? ಇದ್ದ ಹಣದಲ್ಲಿ ಯಾರಿಗೆ ಮೊದಲು ಚಿಕಿತ್ಸೆ? ಕೆನಡದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಜಾರ್ಜ್ ಟಾರೆನ್ಸ್ ಮೊದಲಾದವರು 1972ರಲ್ಲಿ ಇದಕ್ಕೊಂದು ಉಪಾಯ ಸೂಚಿಸಿದರು. ನಿಮ್ಮನ್ನೇ ಕೇಳುತ್ತೇನೆಂದು ಭಾವಿಸಿಕೊಳ್ಳಿ: ‘ಮಂಡಿನೋವಿನಿಂದ ಸರಿಯಾಗಿ ನಡೆಯಲಾರದೆ 10 ವರ್ಷ ಬದುಕುತ್ತೀರೋ, ಅಥವಾ ಪೂರ್ಣ ಆರೋಗ್ಯದಿಂದ 9 ವರ್ಷ ಬದುಕಿದರೆ ಸಾಕೋ?’ ನೀವು 9ನ್ನು ಆರಿಸಿದರೆ, ಮತ್ತೆ 8ಕ್ಕೆ ಇಳಿಸಿ ಕೇಳುವುದು; ಆಮೇಲೆ 7ಕ್ಕೆ. ಎಲ್ಲಿ ನಿಮಗೆ ಎರಡೂ ಸಮವೆನಿಸಿ ತಕ್ಕಡಿ ನಿಲ್ಲುವುದೋ ಅಲ್ಲಿಗೆ ಲೆಕ್ಕ ಮುಗಿಯಿತು. 7ಕ್ಕೆ ನಿಂತರೆ ಆ ಮಂಡಿನೋವಿನ ಬದುಕಿನ ಬೆಲೆ 0.7. ಪೂರ್ಣಾರೋಗ್ಯಕ್ಕೆ 1, ಮರಣಕ್ಕೆ 0. ಬೆಲೆಯನ್ನು ವರ್ಷಗಳಿಂದ ಗುಣಿಸಿದರೆ ‘ಗುಣಮಟ್ಟಕ್ಕೆ ತೂಗಿದ ಆಯುರ್ವರ್ಷ’ ದೊರೆಯುತ್ತದೆ. ಒಂದು ಚಿಕಿತ್ಸೆ ಎಷ್ಟು ಹಣಕ್ಕೆ ಇಂಥ ಎಷ್ಟು ವರ್ಷಗಳನ್ನು ಕೊಡುತ್ತದೆಂದು ನೋಡಿ, ಇನ್ನೊಂದರೊಡನೆ ಹೋಲಿಸಬಹುದು.

ಇಂಗ್ಲೆಂಡಿನಲ್ಲಿ ರೇಚಲ್ ರಾಸರ್ ಮತ್ತು ಪಾಲ್ ಕೈಂಡ್ 1978ರಲ್ಲಿ ಇನ್ನೊಂದು ಕೋಷ್ಟಕ ಪ್ರಕಟಿಸಿದರು. ಅಶಕ್ತತೆಗೆ 8 ಮೆಟ್ಟಿಲು, ಸಂಕಟಕ್ಕೆ 4 ಮೆಟ್ಟಿಲು. ಅದರ ಅಂಕಗಳೆಲ್ಲ ಬಂದದ್ದು ಕೇವಲ 70 ಮಂದಿಯ ಅಭಿಪ್ರಾಯದಿಂದ. ಯಾರ್ಕ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ಆಲನ್ ವಿಲಿಯಮ್ಸ್ 1985ರಲ್ಲಿ ಅದನ್ನೇ ಆಧಾರವಾಗಿಟ್ಟುಕೊಂಡು ಹೃದಯದ ಶಸ್ತ್ರಚಿಕಿತ್ಸೆಯ ಫಲವನ್ನು ಇತರ ಚಿಕಿತ್ಸೆಗಳ ಫಲದೊಡನೆ ತೂಗಿದ. 70 ಜನರ ಮಾತು ಒಂದು ರಾಷ್ಟ್ರದ ಮಾತಾದೀತೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

1987ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ ಯೂರೋಪಿನ ಕೆಲವು ದೇಶಗಳ ವಿದ್ವಾಂಸರು ಕೂಡಿದರು. ಯಾವ ಭಾಷೆಗಾದರೂ ಸಲ್ಲುವ, ಯಾರಾದರೂ ಕ್ಷಣದಲ್ಲಿ ತುಂಬಬಲ್ಲ ಒಂದು ಪುಟ್ಟ ಪ್ರಶ್ನಾವಳಿ ಅವರ ಗುರಿ. ಯೂರೋಕ್ವಾಲ್ ಎಂಬ ಹೆಸರಿನ ಈ ಕೂಟ 1990ರಲ್ಲಿ ತನ್ನ ಕೆಲಸವನ್ನು ಪ್ರಕಟಿಸಿತು. ಕಡೆಗೆ ನಿಂತ ಅಂಶಗಳು ಐದು: ನಡೆದಾಟ, ಸ್ನಾನ ಮಾಡಿ ಬಟ್ಟೆ ಉಟ್ಟುಕೊಳ್ಳುವಂಥ ಸ್ವಂತದ ಆರೈಕೆ, ನಿತ್ಯದ ಕೆಲಸ, ನೋವು, ಕಳವಳ ಅಥವಾ ಖಿನ್ನತೆ. ಪ್ರತಿಯೊಂದರಲ್ಲಿಯೂ ತೊಂದರೆಯಿಲ್ಲ, ಸ್ವಲ್ಪ ಇದೆ, ಬಹಳ ಇದೆ ಎಂಬ ಮೂರು ಉತ್ತರ. ಹೀಗೆ 243 ಬಗೆಯ ಸ್ಥಿತಿಗಳಾಗುತ್ತವೆ. ಮುಂದೆ ಉತ್ತರಗಳನ್ನು ಐದಕ್ಕೆ ಏರಿಸಿದ ಮೇಲೆ ಸ್ಥಿತಿಗಳು 3,125 ಆದುವು. ಇದರೊಡನೆ ಉಷ್ಣಮಾಪಕದಂತಹ ಒಂದು ಗೆರೆ, 0ಯಿಂದ 100ರವರೆಗೆ. ಇಂದು ನಿಮ್ಮ ಆರೋಗ್ಯ ಎಲ್ಲಿದೆಯೆಂದು ನೀವೇ ಗುರುತು ಹಾಕಬೇಕು. ಈ ಪ್ರಶ್ನಾವಳಿ ಈಗ ಕನ್ನಡದಲ್ಲಿಯೂ ಇದೆ.

1993ರಲ್ಲಿ ಯಾರ್ಕಿನ ವಿದ್ವಾಂಸರು ಇದನ್ನು ಹಿಡಿದು ಬ್ರಿಟನ್ನಿನ ಮನೆಗಳಿಗೆ ಹೋದರು. 3,395 ಮಂದಿ ವಯಸ್ಕರನ್ನು ಕಂಡು, ಮೊದಲು ಅವರವರ ಆರೋಗ್ಯವನ್ನು ಕೇಳಿದರು. ಸುಮಾರು ಮೂರರಲ್ಲಿ ಒಂದು ಪಾಲು ಜನ ಒಂದಲ್ಲ ಒಂದು ನೋವು ಇದೆಯೆಂದರು. ವಯಸ್ಸು ಏರಿದಂತೆ ತೊಂದರೆ ಏರಿತ್ತು. ಕೆಳವರ್ಗದವರಲ್ಲಿ, ಓದು ಕಡಮೆಯಾದವರಲ್ಲಿ ಅದು ಹೆಚ್ಚಾಗಿತ್ತು. ಬಡವನು ಬೇಗ ಸಾಯುತ್ತಾನೆಂಬುದು ಹಳೆಯ ಸಂಗತಿ. ಬದುಕಿರುವಷ್ಟು ದಿನವೂ ಅವನ ಮೈಗೆ ಸುಖ ಕಡಮೆಯೆಂಬುದು ಇಲ್ಲಿ ಅಂಕಿಯಾಗಿ ನಿಂತಿತು.

ಎರಡನೆಯದಾಗಿ, ಮೇಲೆ ಹೇಳಿದ ವರ್ಷಗಳ ಕೊಡುಕೊಳ್ಳುವಿಕೆಯ ಪ್ರಶ್ನೆಯನ್ನು ಅವರ ಮುಂದಿಟ್ಟರು. ಎಲ್ಲ ಸ್ಥಿತಿಗಳನ್ನೂ ಕೇಳಲು ಸಾಧ್ಯವಿಲ್ಲವಾದುದರಿಂದ ಆಯ್ದ ಕೆಲವನ್ನು ಕೇಳಿ, ಮಿಕ್ಕವನ್ನು ಗಣಿತದಿಂದ ಕಂಡುಕೊಂಡರು. ಪಾಲ್ ಡೋಲನ್ 1997ರಲ್ಲಿ ಪ್ರಕಟಿಸಿದ ಈ ಕೋಷ್ಟಕದಲ್ಲಿ ಐದೂ ಅಂಶಗಳಲ್ಲಿ ಅತಿ ಕೆಟ್ಟದಾದ ಸ್ಥಿತಿಗೆ ಬಂದ ಬೆಲೆ ಸೊನ್ನೆಗಿಂತ ಕೆಳಗೆ, ಋಣ 0.594. ಎಂದರೆ, ಅಂಥ ಬದುಕಿಗಿಂತ ಸಾವು ಮೇಲೆಂದು ಜನ ಸರಾಸರಿಯಾಗಿ ತೀರ್ಮಾನ ಕೊಟ್ಟರು.

ಇಲ್ಲಿ ನಾವು ಕ್ಷಣಕಾಲ ನಿಲ್ಲಬೇಕು. ಉತ್ತರ ಕೊಟ್ಟವರಲ್ಲಿ ಬಹುಮಂದಿ ಆ ಸ್ಥಿತಿಯನ್ನು ಅನುಭವಿಸಿದವರಲ್ಲ, ಊಹಿಸಿಕೊಂಡವರು. ಕಾಲಿಲ್ಲದವನ ಬಾಳನ್ನು ಕಾಲಿರುವವನು ಊಹಿಸುವಾಗ ನಷ್ಟವನ್ನು ಮಾತ್ರ ಕಾಣುತ್ತಾನೆ. ಕಾಲಿಲ್ಲದವನು ತನ್ನ ಮಕ್ಕಳೊಡನೆ ನಗುವುದನ್ನು ಕಾಣುವುದಿಲ್ಲ. ಈ ಆಕ್ಷೇಪ ಬರಿಯ ಪಂಡಿತರ ವಾದವಲ್ಲ. ಅಮೆರಿಕದ ಆರೆಗನ್ ಸಂಸ್ಥಾನ ಬಡವರ ವೈದ್ಯಕ್ಕೆ ಇದ್ದ ಹಣವನ್ನು ಹಂಚಲು 1990ರಲ್ಲಿ ಚಿಕಿತ್ಸೆಗಳ ಪಟ್ಟಿಯೊಂದನ್ನು ತಯಾರಿಸಿತು. ಖರ್ಚನ್ನೂ ಬಾಳಿನ ಗುಣದ ಅಂಕವನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಹಲ್ಲಿಗೆ ಕವಚ ಹಾಕುವ ಕೆಲಸ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಗಿಂತ ಮೇಲೆ ಬಂದು ಕೂತಿತು! ಹಲ್ಲಿನ ಕೆಲಸ ಅಗ್ಗ. ಅಪೆಂಡಿಕ್ಸು ಪ್ರಾಣದ ಮಾತು. ಪಟ್ಟಿಯನ್ನು ತಿದ್ದಿದರು. 1992ರಲ್ಲಿ ಕೇಂದ್ರ ಸರಕಾರ, ಇಂಥ ಅಂಕಗಳು ಅಂಗವಿಕಲರ ಬಾಳನ್ನು ಕೀಳುಗಟ್ಟುತ್ತವೆಂಬ ಕಾರಣದಿಂದ ಯೋಜನೆಯನ್ನು ತಿರಸ್ಕರಿಸಿತು. ಮತ್ತೆ ತಿದ್ದಿದ ಮೇಲೆ 1993ರಲ್ಲಿ ಒಪ್ಪಿಗೆ ದೊರೆಯಿತು. ಕೋಲು ಅಳೆಯುತ್ತದೆ, ನಿಜ. ಕೋಲನ್ನು ಹಿಡಿದವರು ಯಾರೆಂಬುದನ್ನೂ ನೋಡಬೇಕೆಂಬ ಪಾಠವನ್ನು ಆರೆಗನ್ ಕಲಿಸಿತು.

ಇದಕ್ಕಿಂತ ಆಳವಾದ ತೊಡಕು ನಮ್ಮ ದೇಶದಲ್ಲಿಯೇ ಕಂಡುಬಂದಿತು. ಬಂಗಾಳದ ಮಹಾಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಅಖಿಲ ಭಾರತ ಆರೋಗ್ಯಶಾಸ್ತ್ರ ಸಂಸ್ಥೆಯವರು ಸಿಂಗೂರು ಪ್ರದೇಶದಲ್ಲಿ ಒಂದು ಸಮೀಕ್ಷೆ ನಡೆಸಿದರು. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ 100ಕ್ಕೆ 48.5 ಮಂದಿ ತಮಗೆ ಕಾಯಿಲೆ ಅಥವಾ ಮೈ ಅಷ್ಟಕ್ಕಷ್ಟೆ ಎಂದರು. ವಿಧವೆಯರಲ್ಲಿ ಹಾಗೆಂದವರು 100ಕ್ಕೆ 2.5 ಮಾತ್ರ! ಆ ಕಾಲದ ಬಂಗಾಳಿ ವಿಧವೆಯರ ಊಟ, ಉಡುಪು, ಉಪವಾಸಗಳನ್ನು ಬಲ್ಲವರಾರೂ ಅವರು ಗಂಡಸರಿಗಿಂತ ಸುಖವಾಗಿದ್ದರೆಂದು ನಂಬಲಾರರು. ಅಮರ್ತ್ಯ ಸೇನರು ಈ ಅಂಕಿಗಳನ್ನು ಎತ್ತಿ ತೋರಿಸಿ, ನರಳುವುದನ್ನೇ ಸಹಜಸ್ಥಿತಿಯೆಂದು ಒಪ್ಪಿಕೊಂಡವರು ನರಳುತ್ತೇನೆಂದು ಹೇಳುವುದಿಲ್ಲವೆಂದು ವಿವರಿಸಿದರು. ‘ನಂದೇನು ಬಿಡಿ, ಚೆನ್ನಾಗೇ ಇದ್ದೇನೆ’ ಎನ್ನುವ ಹೆಂಗಸರನ್ನು ನಾವು ನೀವು ನಮ್ಮ ಮನೆಗಳಲ್ಲಿಯೂ ಕಂಡಿಲ್ಲವೆ?

ಇದೇ ಮಾತು ರಾಜ್ಯ ರಾಜ್ಯಗಳ ನಡುವೆಯೂ ನಿಜವಾಯಿತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಆರೋಗ್ಯದ ಸುತ್ತುಗಳಲ್ಲಿ ತಮಗೆ ಕಾಯಿಲೆಯಿದೆಯೆಂದು ಹೇಳುವವರ ಪ್ರಮಾಣ ಕೇರಳದಲ್ಲಿ ಮತ್ತೆ ಮತ್ತೆ ಅತಿ ಹೆಚ್ಚು. ಬಿಹಾರದಲ್ಲಿ ಬಹಳ ಕಡಮೆ. ಆದರೆ ದೀರ್ಘಾಯುಸ್ಸಿನಲ್ಲಿ ಕೇರಳ ಮುಂದು, ಬಿಹಾರ ಹಿಂದು. ಓದುಬರಹವಿದ್ದು ವೈದ್ಯರು ಹತ್ತಿರವಿದ್ದ ಕಡೆ ಜನ ತಮ್ಮ ಕಾಯಿಲೆಯನ್ನು ಗುರುತಿಸುತ್ತಾರೆ, ಬಾಯಿಬಿಟ್ಟು ಹೇಳುತ್ತಾರೆ. ಕೇರಳದಲ್ಲಿ ಮುದುಕರು ಹೆಚ್ಚಿರುವುದೂ ಒಂದು ಕಾರಣ. ಆಸ್ಪತ್ರೆಯೇ ಇಲ್ಲದ ಊರಿನಲ್ಲಿ ಬೆನ್ನುನೋವೂ ಬಿಸಿಲು ಮಳೆಯಂತೆ ಲೋಕದ ಸ್ವಭಾವವಾಗಿಬಿಡುತ್ತದೆ. ಈ ಉತ್ತರಗಳನ್ನೇ ನೆಚ್ಚಿ ಹಣ ಹಂಚಿದ್ದಾದರೆ, ಇದ್ದವರಿಗೆ ಇನ್ನಷ್ಟು ಸಲ್ಲುವುದು, ಇಲ್ಲದವರಿಗೆ ಇಲ್ಲವೇ ಇಲ್ಲ.

ಈ ತೊಡಕಿಗೆ ಒಂದು ಪರಿಹಾರವನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಯೋಗಿಸಿ ನೋಡಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ನಡೆಸಿದ ವಿಶ್ವ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಆರು ರಾಜ್ಯಗಳಿದ್ದುವು. ಕರ್ನಾಟಕ ಅವುಗಳಲ್ಲಿ ಒಂದು. ಉತ್ತರಿಸುವವರಿಗೆ ತಮ್ಮ ಆರೋಗ್ಯದ ಜೊತೆಗೆ ಕೆಲವು ಕಲ್ಪಿತ ವ್ಯಕ್ತಿಗಳ ಆರೋಗ್ಯವನ್ನೂ ತೂಗಲು ಹೇಳಿದರು. ಉದಾಹರಣೆಗೆ ಹೀಗೆಂದುಕೊಳ್ಳಿ: ‘ಒಬ್ಬಾಕೆ ಅರ್ಧ ಮೈಲಿ ನಡೆಯಬಲ್ಲಳು, ಆಮೇಲೆ ಕಾಲು ಸೋಲುತ್ತದೆ, ಅವಳಿಗೆ ನಡೆದಾಟದ ತೊಂದರೆ ಎಷ್ಟು?’ ಒಬ್ಬರು ‘ಏನೂ ಇಲ್ಲ’ ಎನ್ನುತ್ತಾರೆ, ಇನ್ನೊಬ್ಬರು ‘ಬಹಳ’ ಎನ್ನುತ್ತಾರೆ. ವ್ಯಕ್ತಿ ಒಂದೇ, ಕೋಲು ಬೇರೆ. ಆಗ ಅವರವರ ಕೋಲಿನ ಉದ್ದ ನಮಗೆ ತಿಳಿಯುತ್ತದೆ. ಅದಕ್ಕೆ ತಕ್ಕಂತೆ ಅವರ ಸ್ವಂತ ಉತ್ತರವನ್ನು ಸರಿಪಡಿಸಿಕೊಳ್ಳಬಹುದು. ವ್ಯಾಪಾರಿಯ ಸೇರು ಕಡಮೆಯಿದ್ದರೆ ನಮ್ಮ ಸೇರಿನಿಂದ ಒಮ್ಮೆ ಅಳೆದು ನೋಡುವ ಹಾಗೆ. ಉಪಾಯ ಪೂರ್ಣವಲ್ಲ, ಆದರೂ ಜಾಣತನದ್ದು.

ಇನ್ನೊಬ್ಬರ ತೂಕವನ್ನು ನಮ್ಮ ಮೇಲೆ ಹೇರಿಕೊಳ್ಳುವುದೂ ಈಗ ತಪ್ಪುತ್ತಿದೆ. ಬಹುಕಾಲ ನಮ್ಮ ದೇಶದ ಸಂಶೋಧಕರು ಪರದೇಶದವರ ಕೋಷ್ಟಕಗಳನ್ನೇ ಎರವಲು ತಂದು ಬಳಸುತ್ತಿದ್ದರು. ಯಾರ್ಕಿನವರು ಕಂಡ ಬ್ರಿಟಿಷರ ಅಭಿಪ್ರಾಯ ರಾಯಚೂರಿನ ರೈತನ ಅಭಿಪ್ರಾಯವೂ ಆಗಿಬಿಡುತ್ತಿತ್ತು. ಐದು ರಾಜ್ಯಗಳ 3,548 ಮಂದಿಯನ್ನು ಮುಖಾಮುಖಿ ಕೇಳಿ ತಯಾರಿಸಿದ ಭಾರತದ್ದೇ ಆದ ಕೋಷ್ಟಕ 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ಅತಿ ಕೆಟ್ಟ ಸ್ಥಿತಿಯ ಬೆಲೆ ಋಣ 0.923. ಬ್ರಿಟನ್ನಿನ ಅಂಕಿಯೊಡನೆ ಇದನ್ನು ಪಕ್ಕಪಕ್ಕದಲ್ಲಿಟ್ಟು, ಭಾರತೀಯರು ಕಾಯಿಲೆಗೆ ಹೆಚ್ಚು ಹೆದರುತ್ತಾರೆಂದು ಹೇಳಿಬಿಡುವುದು ಸರಿಯಲ್ಲ. ಅಲ್ಲಿ ಉತ್ತರಗಳು ಮೂರು, ಇಲ್ಲಿ ಐದು. ಕೇಳಿದ ಕ್ರಮವೂ ಬೇರೆ. ಆದರೆ ಪರಾಧೀನತೆಯೂ ನೋವೂ ಕೂಡಿದ ಬದುಕನ್ನು ನಮ್ಮ ಜನ ಎಷ್ಟು ಭಾರವೆಂದು ಎಣಿಸುತ್ತಾರೆ ಎಂಬುದು ಆ ಒಂದು ಸಂಖ್ಯೆಯಲ್ಲಿದೆ. ಆಸರೆ ಕಡಮೆಯಾದ ಮನೆಯಲ್ಲಿ ಹಾಸಿಗೆ ಹಿಡಿಯುವುದೆಂದರೆ ಏನೆಂದು ಬಲ್ಲವರಿಗೆ ಅದು ಆಶ್ಚರ್ಯವಾಗದು.

ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯನ ಸರಾಸರಿ ಆಯುಸ್ಸು ಸುಮಾರು 32 ವರ್ಷ. 2016ರಿಂದ 2020ರ ಅವಧಿಯ ಲೆಕ್ಕದಂತೆ ಅದು 70. ಇದು ಸಣ್ಣ ಸಾಧನೆಯಲ್ಲ. ಹೀಗೆ ಹೊಸದಾಗಿ ಸಂಪಾದಿಸಿದ ವರ್ಷಗಳು ಎಂಥವು, ನಡೆದಾಡುವ ವರ್ಷಗಳೋ, ನರಳುವ ವರ್ಷಗಳೋ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಸಾವಿನ ದಾಖಲೆಯಲ್ಲಿ ಸಿಕ್ಕುವುದಿಲ್ಲ, ನಮ್ಮ ಬಾಯಿಂದಲೇ ಬರಬೇಕು.

ಆದುದರಿಂದ, ವಾಚಕರೆ, ಒಂದು ಸಣ್ಣ ಬಿನ್ನಹ. ಯಾವತ್ತಾದರೂ ಒಬ್ಬ ಸಮೀಕ್ಷಕ ಕೈಯಲ್ಲಿ ಪ್ರಶ್ನಾವಳಿ ಹಿಡಿದು ನಿಮ್ಮ ಬಾಗಿಲಿಗೆ ಬಂದಾನು. ಇಂಥ ಸಂದರ್ಭದಲ್ಲಿ ಮನೆಯ ಯಜಮಾನರೊಬ್ಬರೇ ಜಗಲಿಯಲ್ಲಿ ಕುಳಿತು ಎಲ್ಲರ ಪರವಾಗಿ ‘ನಮ್ಮಲ್ಲಿ ಎಲ್ಲರೂ ಚೆನ್ನಾಗಿದ್ದೇವೆ’ ಎಂದು ಹೇಳಿ ಕಳಿಸುವುದುಂಟು. ಹಾಗೆ ಮಾಡಬೇಡಿ. ಬಂದವನಿಗೆ ಕುಡಿಯಲು ನೀರು ಕೊಟ್ಟು ಕೂರಿಸಿ, ಅಡಿಗೆಮನೆಯಲ್ಲಿರುವವರನ್ನೂ ಕೋಣೆಯಲ್ಲಿ ಮಲಗಿರುವ ಅಜ್ಜಿಯನ್ನೂ ಅವನು ತಾನೇ ಕೇಳಲಿ. ಅವರು ತಮ್ಮ ಮಾತಿನಲ್ಲಿ ಹೇಳಲಿ. ಕಾಗದದ ಎಂಟನೆಯ ಸಾಲಿನಲ್ಲಿ ಅಡಗಿದ್ದ ಸುದ್ದಿ ಆಗ ಮೊದಲನೆಯ ಸಾಲಿಗೆ ಬಂದೀತು.